ತೊಳೆಯಬಾರದ ಸ್ವೆಟರ್

ಮೇ 18, ಬೆಳಿಗ್ಗೆ 6.40

ಹತ್ತು ಹಸು ಹಾಲು ಕರೆಯುವ ಮಷಿನ್‌ಗೆ, ಒಂದು ನನಗೆ. ಎಂದಿನಂತೆ. ನನ್ನ ಪಾಲಿನ ಕೊಂಕಿಯ ಕೊಂಬು ಸೊಟ್ಟ, ಬುದ್ಧಿಯೂ ಸೊಟ್ಟ. ಮಷಿನ್ ಕಂಡರೆ ಒಂದು ಒದೆ, ಅಪ್ಪನನ್ನು ಕಂಡರೆ ಎರಡು. ಅಮ್ಮನ ಬೂದು ಸ್ವೆಟರ್ ಹಾಕಿಕೊಂಡು ನಾನು ಕೂತರೆ ಮಾತ್ರ ಹಾಲು ಬಿಡುತ್ತದೆ.

ಸ್ವೆಟರ್ ಕೊಟ್ಟಿಗೆ ಬಾಗಿಲಿನ ಮೊಳೆಯಲ್ಲೇ ಇರಬೇಕು. ತೊಳೆಯಬಾರದು. ಎರಡು ವರ್ಷದ ಕಾನೂನು. ಅಮ್ಮ ಆಸ್ಪತ್ರೆ ಸೇರಿದಾಗ ಕೊಂಕಿ ಯಾರಿಗೂ ಹಾಲು ಬಿಡದೆ ಕೆಚ್ಚಲು ಊದಿಕೊಂಡಿತ್ತು. ಅಪ್ಪ ಇದನ್ನು ನನಗೆ ತೊಡಿಸಿ, ಮಾತಾಡದೆ ಕೂತುಕೋ ಅಂದ. ಹಸು ಒಮ್ಮೆ ಮೂಸಿತು. ಹಾಲು ಬಿಟ್ಟಿತು. ಅಮ್ಮ ವಾಪಸ್ ಬರಲಿಲ್ಲ. ಸ್ವೆಟರ್ ಮೊಳೆಯಲ್ಲೇ ಉಳಿಯಿತು.

ಕಾಲರ್ ಹತ್ತಿರ ಇನ್ನೂ ಅಮ್ಮನ ವಾಸನೆ ಇದೆ. ನನಗೆ ಗೊತ್ತು, ಕೊಂಕಿಗೆ ಗೊತ್ತು.

ಮೇ 23, ಸಂಜೆ

ಎರಡು ಕಡೆ ಸೀಟು ಸಿಕ್ಕಿದೆ. ಪಶುವೈದ್ಯ ಕಾಲೇಜ್ — ಇಡೀ ಹಗಲು ಬಸ್ಸು, ಹಾಸ್ಟೆಲ್, ಐದು ವರ್ಷ. ಪೇಟೆಯ ಡಿಗ್ರಿ ಕಾಲೇಜ್ — ನಲವತ್ತು ನಿಮಿಷ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ. ಜೂನ್ 15ರೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಬೇಕು.

ಅಪ್ಪ ಪಶುವೈದ್ಯದ ಪತ್ರವನ್ನು ಮೂರು ಸಲ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ. ಆಗಲೇ ‘ಡಾಕ್ಟ್ರಮ್ಮ’ ಶುರುವಾಗಿದೆ. ನಾನು ಪೇಟೆ ಕಾಲೇಜೇ ಸಾಕು ಅಂದೆ. ಯಾಕೆ ಅಂತ ಕೇಳಿದ. ಕೊಂಕಿಗೆ ಯಾರು ದಿಕ್ಕು ಅಂದೆ. “ಹಸುವಿನ ನೆಪ ಹೇಳ್ಬೇಡ” ಅಂದು ಎದ್ದು ಹೋದ.

ನೆಪವೇ. ಅಪ್ಪ ಒಬ್ಬನೇ ಊಟಕ್ಕೆ ಕೂರುವುದನ್ನು ನೆನೆಸಿಕೊಂಡರೆ ಹೊರಡುವ ಮನಸ್ಸಾಗುವುದಿಲ್ಲ. ಪಶುವೈದ್ಯಕ್ಕೆ ಹೋಗಬೇಕೆಂಬ ಆಸೆಯೂ ಅಷ್ಟೇ ಇದೆ. ಎರಡನ್ನೂ ಬಾಯಿಬಿಟ್ಟು ಹೇಳಲಾಗಲಿಲ್ಲ.

ಮೇ 30

ಎದ್ದಾಗ ಸ್ವೆಟರ್ ಮೊಳೆಯಲ್ಲಿರಲಿಲ್ಲ. ಒಳಗೆ ಇಣುಕಿದೆ. ಅಪ್ಪ! ಸ್ವೆಟರ್ ತೊಟ್ಟು ನನ್ನ ಸ್ಟೂಲಿನ ಮೇಲೆ. ತೋಳು ಮೊಣಕೈ ದಾಟಿ ನಾಲ್ಕು ಬೆರಳು ಬಂದಿತ್ತು ಅಷ್ಟೆ. ಹೊಟ್ಟೆ ಹತ್ತಿರ ಗುಂಡಿ ಹಾಕಲು ಆಗದೆ ಹಗ್ಗ ಕಟ್ಟಿಕೊಂಡಿದ್ದ. ಕೊಂಕಿ ತಿರುಗಿ ತಿರುಗಿ ಮೂಸುತ್ತಿತ್ತು. ಒಂದು ಲೋಟ ಹಾಲು ಕೊಟ್ಟಿತು, ಅದೂ ಬೇಕೋ ಬೇಡವೋ ಅಂತ.

ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ. ಅಲ್ಲಿ ಅಳು ಬಂತು. ನನ್ನನ್ನು ಕಳಿಸಲು ಅಭ್ಯಾಸ ಮಾಡುತ್ತಿದ್ದಾನೆ.

ಜೂನ್ 4

ಅರ್ಧ ಲೀಟರ್. ಅಪ್ಪ ಬಕೆಟ್ ಹಿಡಿದು ಅಂಗಳದಲ್ಲಿ ಎದೆ ಉಬ್ಬಿಸಿಕೊಂಡು ನಡೆದ. ಹಾಲಿನ ವ್ಯಾನ್ ಡ್ರೈವರ್‌ಗೂ ತೋರಿಸಿದ. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು.

ಜೂನ್ 9, ಮಧ್ಯಾಹ್ನ

ಅತ್ತೆ ಬಂದಿದ್ದಾರೆ. ಅಪ್ಪನ ಅಕ್ಕ. ಕೂತಲ್ಲಿ ಕೂರದ ಹೆಂಗಸು. ನಾನು ಮೇವಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಬಟ್ಟೆಯೆಲ್ಲ ಒಗೆದು ಹಾಕಿದ್ದರು. ತಂತಿಯ ಕೊನೆಯಲ್ಲಿ ಬೂದು ಸ್ವೆಟರ್, ತೊಟ್ಟಿಕ್ಕುತ್ತಾ.

“ಎಂಥ ಗಬ್ಬು ವಾಸನೆ ಹೊಡೀತಿತ್ತು ಕಣೇ. ಎರಡು ಸಲ ಸೋಪು ಹಾಕಿ ಉಜ್ಜಿದೆ. ನಿಮ್ಮಮ್ಮಂದಲ್ವಾ, ಹಾಸ್ಟೆಲ್‌ಗೆ ತಗೊಂಡು ಹೋಗು.”

ಏನೇನೋ ಅಂದುಬಿಟ್ಟೆ. ಅಮ್ಮನನ್ನು ಎರಡನೇ ಸಲ ಸಾಯಿಸಿದಿರಿ ಅಂದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಪ್ಪ ಹೋಗಿ ಒದ್ದೆ ಸ್ವೆಟರನ್ನು ಹಿಂಡಿ ಮತ್ತೆ ತಂತಿಗೆ ಹಾಕಿದ.

ಜೂನ್ 10, ಬೆಳಿಗ್ಗೆ 10

ನಾನು ಏಳುವ ಮೊದಲೇ ಅಪ್ಪ ತೊಳೆದ ಸ್ವೆಟರ್ ತೊಟ್ಟು ಕೂತಿದ್ದ. ಕೊಂಕಿ ಒದ್ದಿದೆ. ಬಲಗೈ ಮಣಿಕಟ್ಟಿನ ಮೂಳೆ ಸೀಳು ಬಿಟ್ಟಿದೆ, ಆರು ವಾರ ಪಟ್ಟಿ. ಕರೆದುಕೊಂಡು ಹೋದ ಅತ್ತೆ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದರು.

ಕೆಚ್ಚಲು ಬಿಗಿದಿತ್ತು. ಸ್ವೆಟರ್ ಅಪ್ಪನ ಮೈಮೇಲೇ ಹೋಗಿತ್ತು. ಬೇರೆ ದಾರಿಯಿಲ್ಲದೆ ಹಾಗೇ ಕೂತೆ. ಒದೆ ತಿನ್ನಲು ಹಲ್ಲು ಕಚ್ಚಿಕೊಂಡು.

ಕೊಂಕಿ ತಿರುಗಿ ನೋಡಿತು. ನನ್ನ ಕುತ್ತಿಗೆ ಮೂಸಿತು. ಬಿಟ್ಟಿತು. ಬಕೆಟ್ ತುಂಬಾ.

ಸಂಜೆ

ಅಂದರೆ ಸ್ವೆಟರ್‌ನಲ್ಲಿ ಅಮ್ಮ ಇರಲಿಲ್ಲ. ಯಾವತ್ತು ಹೋದಳೋ ಗೊತ್ತಿಲ್ಲ. ದಿನಕ್ಕೆ ಎರಡು ಸಲ ತೊಟ್ಟು, ಬೆವರಿ, ನಾನೇ ಅವಳನ್ನು ಒರೆಸಿಹಾಕಿದ್ದೆ. ಕಾಲರ್‌ನಲ್ಲಿ ಮೂಸುತ್ತಿದ್ದದ್ದು ನನ್ನನ್ನೇ. ಕೊಂಕಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅತ್ತೆಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅಪ್ಪನ ಕೈ ವಾಸಿಯಾಗುವವರೆಗೆ ಇರುತ್ತಾರಂತೆ. ನನಗೆ ಮಾತ್ರ ಅಮ್ಮ ಇವತ್ತೇ ಹೋದ ಹಾಗಿದೆ.

ಜೂನ್ 14

ಪೇಟೆ ಕಾಲೇಜಿಗೇ ಒಪ್ಪಿಗೆ ಕಳಿಸುತ್ತೇನೆ ಅಂದೆ. ಹಸು ನನ್ನನ್ನು ಬಿಟ್ಟು ಯಾರಿಗೂ ಒಗ್ಗುವುದಿಲ್ಲ, ಈಗಂತೂ ಗ್ಯಾರಂಟಿ ಅಂದೆ. ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟ.

“ಕೊಂಕಿಗೋಸ್ಕರ ಇರ್ತೀನಿ ಅಂದ್ರೆ ನಾಳೆನೇ ಮಾರ್ತೀನಿ. ನನಗೋಸ್ಕರ ಅಂದ್ರೆ, ಈ ಮುರುಕು ಕೈಯವನನ್ನ ಯಾರು ಕೊಳ್ತಾರೆ?”

ನಾನು ನಗಲಿಲ್ಲ. ಅವನೂ ನಗಲಿಲ್ಲ.

“ನಿಮ್ಮಮ್ಮ ಹೋದ್ಮೇಲೆ ಅದು ನಿನ್ನ ಕಲೀತು. ನೀನು ಹೋದ್ಮೇಲೆ ನನ್ನ ಕಲಿಯುತ್ತೆ. ಟೈಮ್ ಬೇಕು, ಅಷ್ಟೆ. ನನಗೂ ಬೇಕು.”

ಜೂನ್ 15, ಮಧ್ಯಾಹ್ನ 3

ಪಶುವೈದ್ಯಕ್ಕೆ ಒಪ್ಪಿಗೆ ಕಳಿಸಿದೆ. ಅಪ್ಪ ಹಿಂದೆ ನಿಂತು, ಕಳಿಸಿದ್ಯಾ ಅಂತ ಎರಡೆರಡು ಸಲ ಕೇಳಿದ.

ಜುಲೈ 26

ನಾಲ್ಕು ದಿನದಿಂದ ಅಪ್ಪನ ಕೈಗೆ ಪಟ್ಟಿ ಇಲ್ಲ. ಅತ್ತೆ ಹೊರಟರು. ನಾನು ಹಗಲಿಡೀ ಸ್ವೆಟರ್ ತೊಟ್ಟೇ ಇದ್ದೇನೆ. ಸಗಣಿ ಬಾಚುವಾಗ, ಮೇವು ಹೊರುವಾಗ, ಬೆವರು ಸುರಿದರೂ. ಚೆನ್ನಾಗಿ ನನ್ನ ವಾಸನೆ ಹಿಡಿಯಲಿ. ಅಪ್ಪನಿಗೆ ಶುರುಮಾಡಲಾದರೂ ಸಾಕು. ಹೊರಡುತ್ತಾ ಅತ್ತೆ ಮೂಗು ಮುಚ್ಚಿಕೊಂಡು ತಬ್ಬಿಕೊಂಡರು.

ಆಗಸ್ಟ್ 2, ಬೆಳಿಗ್ಗೆ 5.25

ಬ್ಯಾಗ್ ಮೆಟ್ಟಿಲ ಮೇಲೆ. ಪಕ್ಕದಲ್ಲಿ ನಾನು. ಹಾಲಿನ ವ್ಯಾನ್ ಡ್ರೈವರ್ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ.

ಅಪ್ಪ ಕೊಟ್ಟಿಗೆಯೊಳಗೆ ಹೋದ. ಸ್ವೆಟರ್ ತೊಟ್ಟು, ಹಗ್ಗ ಕಟ್ಟಿಕೊಂಡು. ಹೋಗುತ್ತಾ ನನ್ನ ತಲೆ ಮುಟ್ಟಿದ. ನಾನು ಕೊಟ್ಟಿಗೆಗೆ ಹೋಗುವ ಹಾಗಿಲ್ಲ. ನನ್ನನ್ನು ಕಂಡರೆ ಕೊಂಕಿ ಅವನಿಗೆ ಹಾಲು ಬಿಡುವುದಿಲ್ಲ. ಹೀಗಾಗಿ ಇನ್ನು ಇಬ್ಬರಿಗೂ ಹೋಗಿ ಬರುತ್ತೇನೆ ಅನ್ನುವ ಹಾಗಿಲ್ಲ.

ಮಷಿನ್ ನಿಂತಿತು. ಸ್ಟೂಲ್ ಎಳೆದ ಸದ್ದು. ಬಕೆಟ್ ಇಟ್ಟ ಸದ್ದು. ಖಾಲಿ ಬಕೆಟ್‌ಗೆ ಮೊದಲ ಹಾಲು ಬಿದ್ದರೆ ಇಲ್ಲಿಗೆ ಕೇಳುತ್ತದೆ. ಅದು ಕೇಳಿದ ಮೇಲೆ ಏಳುತ್ತೇನೆ.

ಇನ್ನೂ ಇಲ್ಲ.

ಅಪ್ಪ ಅದರ ಜೊತೆ ಮಾತಾಡುತ್ತಿದ್ದಾನೆ. ಹಸುಗಳ ಜೊತೆ ಯಾವತ್ತೂ ಮಾತಾಡಿದವನಲ್ಲ. “ಅವಳು ಓದಲಿ ಕಣೇ... ನಾನಿದ್ದೀನಲ್ಲ.” ಮತ್ತೆ ಅದನ್ನೇ. ದನಿ ಒಡೆದಿದೆ.

ತಿರುವಿನಲ್ಲಿ ವ್ಯಾನ್ ದೀಪ. ಬಂತು. ನಿಂತಿತು. ಹಾರ್ನ್ ಹಾಕಬೇಡಿ ಅಂತ ಕೈ ಮಾಡಿದೆ. ಒಂದೇ ನಿಮಿಷ. ಇನ್ನೂ ಸದ್ದು ಬಂದಿಲ್ಲ, ಬಂದ ತಕ್ಷಣ —