ಅಳಿಸಿಹೋದ ಕಸೂತಿ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಮ್ಮ ಇದ್ದ ಹಾಗೇ ಇದ್ದಾಳೆ. ಬಲಗೈ, ಬಲಗಾಲು ಇನ್ನೂ ಏಳುವುದಿಲ್ಲ, ಊಟ ನಾನೇ ಮಾಡಿಸುತ್ತೇನೆ. ಫೋನಿನಲ್ಲಿ ನಾನು ಎರಡು ಮಾತು ಜೋರಾಗಿ ಆಡಿದರೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ನೀನು ನಾಲ್ಕು ದಿನ ರಜೆ ಹಾಕಿ ಬಂದೆ. ಅಮ್ಮನ ಕೋಣೆಯಲ್ಲಿ ಹತ್ತು ನಿಮಿಷ ಕೂತವನಿಗೆ ಏನನ್ನಿಸಿತೋ, ಎದ್ದು ಬಂದು ನನ್ನ ಕಂಪ್ಯೂಟರಿನ ಮುಂದೆ ಕೂತೆ. "ಅಕ್ಕಾ, ಇದು ಆಮೆ ಥರ ಆಗಿದೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕ್ಕೊಡ್ತೀನಿ. ಪುಕ್ಕಟೆ, ವೈರಸ್ಸೂ ಬರಲ್ಲ" ಅಂದೆ. ನಿಧಾನವಾದರೂ ಅದು ನನ್ನ ಕಸೂತಿ ಯಂತ್ರಕ್ಕೆ ಡಿಸೈನು ಕಳಿಸುವ ಕೆಲಸ ಮಾಡುತ್ತಿತ್ತು ಕಣೋ. ಆದರೆ ನೀನು ಅಷ್ಟು ಖುಷಿಯಾಗಿದ್ದುದನ್ನು ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲ. ಅದು ನನ್ನದೇ ತಪ್ಪು.

ನೀನು ಹೋದ ಮರುದಿನವೇ ಶಾಲೆಯವರು ಇನ್ನೂರು ಬ್ಯಾಡ್ಜ್ ಹೇಳಿದರು. ಕೂತು ನೋಡಿದರೆ ಕಸೂತಿಯ ಪ್ರೋಗ್ರಾಮೇ ಇಲ್ಲ. ಅದರ ಸಿ.ಡಿ. ಹಾಕಿದರೆ ನಿನ್ನ ಹೊಸ ಸಿಸ್ಟಂ ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಷರ ಹೊಡೆಯಲು ಹೋದರೆ ಒತ್ತಿದ್ದೊಂದು, ಬಂದದ್ದೊಂದು. ನಿನಗೆ ಫೋನ್ ಮಾಡಿದೆ. "ಬೇರೆ ಏನಾದ್ರೂ ಇರುತ್ತೆ ಅಕ್ಕಾ, ನೆಟ್‌ನಲ್ಲಿ ಲಿನಕ್ಸ್‌ನವರ ಫೋರಂ ಇದೆ, ಅಲ್ಲಿ ಕೇಳು" ಅಂದೆ. ಕೇಳಿದೆ. ಮುಖ ನೋಡದ ಮಹಾನುಭಾವನೊಬ್ಬ "ಮೊದಲು ಕೈಪಿಡಿ ಓದಿ" ಎಂದು ಬರೆದ. ಇನ್ನೊಬ್ಬ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಲು ಮಂತ್ರದಂಥ ಮೂರು ಸಾಲು ಕೊಟ್ಟ. ಒಂದು ಚುಕ್ಕೆ ಬಿಟ್ಟದ್ದಕ್ಕೆ ಇಡೀ ಮಧ್ಯಾಹ್ನ ಹಾಳಾಯಿತು. ಒಳಗಿಂದ ಅಮ್ಮ ಕರೆಯುತ್ತಲೇ ಇದ್ದಳು. "ಬಂದೆ ಇರಮ್ಮಾ, ಪ್ರಾಣ ತಿನ್ಬೇಡ" ಎಂದು ಕೂಗಿದೆ. ಆಮೇಲೆ ಹೋಗಿ ನೋಡಿದರೆ ಹಾಸಿಗೆ ಒದ್ದೆಯಾಗಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಹದಿನಾಲ್ಕು ಬ್ಯಾಡ್ಜ್ ಕೈಯಲ್ಲೇ ಹೊಲಿದು ಒಯ್ದೆ. ಹೆಡ್‌ಮಿಸ್ಸು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಆದ್ರೆ ಒಂದರ ಹಾಗೆ ಇನ್ನೊಂದಿಲ್ಲವಲ್ಲ" ಎಂದು ವಾಪಸು ಕೊಟ್ಟರು. ಕೆಲಸ ಬೇರೆಯವರ ಪಾಲಾಯಿತು.

ಕೊನೆಗೆ ಬೀದಿ ತುದಿಯ ರಿಪೇರಿಯವಳು ಬಂದು ಹಳೆಯ ವಿಂಡೋಸನ್ನೇ ಹಾಕಿಕೊಟ್ಟಳು. ಪ್ರೋಗ್ರಾಂ ತೆರೆಯಿತು, ಡಿಸೈನುಗಳಿಲ್ಲ. "ಎಲ್ಲಾ ಕಾಪಿ ಮಾಡಿದೀನಿ" ಎಂದು ನೀನು ಕೊಟ್ಟ ಪೆನ್‌ಡ್ರೈವ್ ಹಾಕಿದೆವು. ನಿನ್ನ ಕಾಲೇಜಿನ ಫೋಟೋಗಳಿವೆ, ನಿನ್ನ ಹಾಡುಗಳಿವೆ. ಹನ್ನೊಂದು ವರ್ಷ ನಾನು ಒಂದೊಂದೇ ಹೊಲಿಗೆ ಕೂಡಿಸಿ ಮಾಡಿದ ಬಳ್ಳಿ, ನವಿಲು, ಲಾಂಛನ, ಒಂದೂ ಇಲ್ಲ. ನಿನ್ನೆ ಕೇಳಿದರೆ, "ಆ ಫೈಲ್‌ಗಳು ಯಾವುದರಲ್ಲೂ ಓಪನ್ ಆಗ್ಲಿಲ್ಲ ಅಕ್ಕಾ, ಕಸ ಅಂದ್ಕೊಂಡೆ" ಅಂದೆ. ಪಕ್ಕದ ಕೋಣೆಯಲ್ಲೇ ಅಮ್ಮನ ಮೈ ಒರೆಸುತ್ತಿದ್ದೆನಲ್ಲೋ. ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮತ್ತೆ ಮಾಡು ಎಂದು ಮಾತ್ರ ಹೇಳಬೇಡ. ಅದೆಲ್ಲ ಅಮ್ಮ ಓಡಾಡಿಕೊಂಡಿದ್ದಾಗ, ನನಗೆ ಹೊತ್ತು ಇದ್ದಾಗ ಮಾಡಿದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟೇ ಸಿಟ್ಟಿದ್ದರೂ ನಿನಗೆ ಕೆಟ್ಟದ್ದನ್ನು ಬಯಸಲು ನನ್ನಿಂದಾಗದು. ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆಯವನು ಬೀದಿಗೆ ಬಂದಾಯಿತು, ಬೇಗ ಮುಗಿಸುತ್ತೇನೆ. ಕಸೂತಿ ಯಂತ್ರ ಮಾರಿಬಿಟ್ಟೆ. ಒಂದನೇ ತಾರೀಖಿನಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ, ಬೆಳಿಗ್ಗೆ ಎಂಟರಿಂದ ಸಂಜೆ ಆರು. ಹಗಲು ಅಮ್ಮನ ಹತ್ತಿರ ಯಾರೂ ಇರುವುದಿಲ್ಲ. ಹಿಂದಿನ ದಿನದ ರೈಲಿನಲ್ಲಿ ಅವಳನ್ನು ನಿನ್ನಲ್ಲಿಗೆ ಕರೆತರುತ್ತೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಗಾಲಿಕುರ್ಚಿ ಹಿಡಿದುಕೊಂಡು ಸ್ಟೇಷನ್ನಿಗೆ ಬಾ. ಅಮ್ಮನಿಗೆ ಹೇಳಿದೆ. "ಎಷ್ಟು ದಿನಕ್ಕೆ?" ಅಂತ ಕೇಳಿದಳು. ನಾನು ಅವಳ ಸೀರೆಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿದೆ.