ಟೋಪಿಯೊಳಗಿನ ಪಾರಿವಾಳ

ಅಕ್ಟೋಬರ್ 9, ಬೆಳಿಗ್ಗೆ

ಮತ್ತೆ ಸೊಂಟ ನೋವು. ಮತ್ತೆ ಒಂದು ಲೋಗೋ. ಈ ವಾರದಲ್ಲಿ ಮೂರನೆಯದು. ಹಲ್ಲಿನ ಡಾಕ್ಟರಿಗೆ ಹಲ್ಲು, ಮೀನಿನ ಹೋಟೆಲಿಗೆ ಮೀನು… ಇಪ್ಪತ್ತೆರಡು ವರ್ಷದಿಂದ ಇದೇ ಗೋಳು. ಟ್ಯೂನಿಸ್‌ನಲ್ಲಿ ಎಷ್ಟು ಬೋರ್ಡು ನನ್ನ ಕೈಯವೋ, ಲೆಕ್ಕವಿಲ್ಲ. ಒಂದನ್ನೂ ತಲೆಯೆತ್ತಿ ನೋಡುವ ಮನಸ್ಸಾಗುವುದಿಲ್ಲ.

ಇವತ್ತಿನವರು ಲಾರೂಸಿ; ಹಿರಿಯರು ಅಂತ ಮರ್ಯಾದೆಗೆ ಎಲ್ಲರೂ 'ಸಿ ಲಾರೂಸಿ' ಅನ್ನುತ್ತಾರೆ. ಹಳೇ ಪೇಟೆಯಲ್ಲಿ ಶೇಶಿಯಾ ಮಾಡುವವರು — ಅದೇ, ಕೆಂಪು ಉಣ್ಣೆ ಟೋಪಿ. ಎಪ್ಪತ್ತೊಂದು ವಯಸ್ಸು. ತಾತನ ಕಾಲದ ಅಂಗಡಿ. ಬೋರ್ಡಿಲ್ಲ, ಡಬ್ಬಿಯಿಲ್ಲ, ಚೀಲದ ಮೇಲೆ ಹೆಸರಿಲ್ಲ.

"ಹುಡುಗರು ಬರ್ತಾರೆ, ತಲೆಗಿಟ್ಕೊಂಡು ಫೋಟೋ ತೆಗೀತಾರೆ, ವಾಪಸ್ ಇಟ್ಟು ಹೋಗ್ತಾರೆ. ಕೊಳ್ಳೋ ಹಾಗೆ ಏನಾದ್ರೂ ಮಾಡು ಮಗಳೇ," ಅಂದರು.

"ಈಗ ಕೊಳ್ಳೋರು ಯಾರು?"

"ಅಗಾದೆಜ್‌ನ ಹಾಜಿ ಮಾಮನ್. ಮರಳುಗಾಡಿನ ಆಚೆ. ವರ್ಷಕ್ಕೆ ಆರುನೂರು ಟೋಪಿ. ಅವನಪ್ಪ ನಮ್ಮಪ್ಪನ ಹತ್ರ ಕೊಳ್ತಿದ್ದ. ಅವನೊಬ್ಬ ಇದ್ದಾನೆ ಅಂತ ಈ ಬಾಗಿಲು ತೆಗೀತೀನಿ, ಇಲ್ಲದಿದ್ರೆ ಏನಿದೆ ಇಲ್ಲಿ?"

ಅರಿಯಾನಾದಲ್ಲಿ ಮನೆಯಲ್ಲೇ ಕೂತು ಟೋಪಿ ಹೆಣೆಯುವ ಹನ್ನೊಂದು ಹೆಂಗಸರೂ ಆ ಒಬ್ಬನನ್ನೇ ನಂಬಿದ್ದಾರಂತೆ.

ಒಂದು ಟೋಪಿ ತಿರುಗಿಸಿ ಒಳಗೆ ತೋರಿಸಿದರು. ಬಿಳಿ ಹತ್ತಿ ದಾರದಲ್ಲಿ ಪುಟ್ಟ ಪಾರಿವಾಳ. ಅಂಗಡಿ ಅವರ ಕೈಗೆ ಬಂದಾಗಿನಿಂದ ಇದೇ ಅವರ ಗುರುತು. ಅಯ್ಯೋ, ಲೋಗೋ ಆಗಲೇ ಇದೆಯಲ್ಲ ಈ ಮನುಷ್ಯನ ಹತ್ತಿರ! ನನಗೆ ಅರ್ಧ ಕೆಲಸ ಕಡಿಮೆಯಾಯಿತು.

ಅಕ್ಟೋಬರ್ 21

ಪಾರಿವಾಳ ಮುಗಿಯಿತು. ಹಳೆಯದರ ಕೊಕ್ಕು ಮೊಂಡು, ರೆಕ್ಕೆ ಓರೆ. ಎಲ್ಲ ತಿದ್ದಿದೆ. ಬೋರ್ಡಿಗೆ, ಡಬ್ಬಿಗೆ, ಚೀಲಕ್ಕೆ. ಚೆನ್ನಾಗಿಯೇ ಬಂದಿದೆ, ಸುಳ್ಳು ಯಾಕೆ ಹೇಳಲಿ.

ಟೋಪಿಯ ಒಳಗೂ ಇದನ್ನೇ ಹಾಕಿಸಿ ಅಂದೆ. ಅವರಿಗೆ ಮನಸ್ಸಿರಲಿಲ್ಲ. "ಒಳಗಿಂದು ಇದ್ದ ಹಾಗೇ ಇರಲಿ ಬಿಡು." ನಾನು ಬಿಡಬೇಕಲ್ಲ! ಎಲ್ಲ ಕಡೆ ಒಂದೇ ಗುರುತು ಇರಬೇಕು, ಒಂದು ಕಡೆ ಬೇರೆ ಕಂಡರೂ ಜನಕ್ಕೆ ನಂಬಿಕೆ ಹೋಗುತ್ತದೆ ಅಂತ ಅರ್ಧ ಗಂಟೆ ಕೊರೆದೆ. ಎಲ್ಲ ಗಿರಾಕಿಗೂ ಹೇಳುವ ಅದೇ ಪಾಠ. ಕೊನೆಗೆ, "ಓದಿದವಳು ನೀನು," ಅಂದರು.

ಅಕ್ಟೋಬರ್ 24

ಅರಿಯಾನಾಕ್ಕೆ ಹೋಗಿದ್ದೆ. ಹೆಣೆಯುವವರಿಗೆಲ್ಲ ಹಿರಿಯಳು ಮಬ್ರೂಕ; ಎಲ್ಲರ ಬಾಯಲ್ಲೂ ಲೆಲ್ಲ, ಅಂದರೆ ಅಮ್ಮಾವ್ರು. ಅರವತ್ತು ದಾಟಿದೆ, ಬಾಯಿ ಜೋರು. ಹೆಣೆದಿಟ್ಟ, ಇನ್ನೂ ಬಣ್ಣ ಕಾಣದ ಬಿಳಿ ಟೋಪಿಯನ್ನು ನನ್ನ ತಲೆಗೆ ಹಾಕಿದರು — ಭುಜದವರೆಗೆ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಪಾರಿವಾಳದ ಕಾಗದ ಕೊಟ್ಟೆ.

"ಇದೇ ಅಳತೆನಾ?"

"ಇದೇ ಅಳತೆ. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ಕಾಗದ ನೋಡಿದರು. ನನ್ನನ್ನು ನೋಡಿದರು. "ಸಿ ಲಾರೂಸಿ ನೀನು ಹೇಳಿದ ಹಾಗೆ ಮಾಡಿ ಅಂದಿದ್ದಾರೆ. ಕಾಗದದಲ್ಲಿ ಚೆನ್ನಾಗಿದೆ." ಹೊಗಳಿಕೆ ಅಂದುಕೊಂಡು ಕಾಫಿ ಕುಡಿದು ಬಂದೆ.

ಡಿಸೆಂಬರ್ 18

ಎಷ್ಟು ದಿನವಾಯಿತು ಬರೆದು. ಜ್ವರ, ಕೆಮ್ಮು, ಎರಡು ಬ್ಯಾಂಕಿನ ಕ್ಯಾಲೆಂಡರು. ಲಾರೂಸಿ ಅಂಗಡಿಯ ಬೋರ್ಡು ಏರಿದೆ. ಆರುನೂರು ಟೋಪಿ ಹೋದ ವಾರ ಅಗಾದೆಜ್‌ಗೆ ಹೊರಟವಂತೆ. ಹೋಗಿ ನೋಡಬೇಕಿತ್ತು. ಆಗಲಿಲ್ಲ… ಆಗಲಿಲ್ಲ ಅಂದರೆ ಹೋಗಲಿಲ್ಲ.

ಜನವರಿ 14, ಮಧ್ಯಾಹ್ನ

ಸಿ ಲಾರೂಸಿ ಫೋನ್ ಮಾಡಿದರು. "ಸ್ವಲ್ಪ ಬಂದು ಹೋಗು. ನಾನು ಸತ್ತು ಹೋಗಿದ್ದೀನಂತೆ."

ತಮಾಷೆ ಅಂದುಕೊಂಡೆ. ಹೋದೆ. ಅಂಗಡಿಯಲ್ಲಿ ಮಬ್ರೂಕ ಕೂತಿದ್ದರು, ಅರಿಯಾನಾದಿಂದ ಬಂದು. ಯಾರೂ ನಗಲಿಲ್ಲ.

ಬೆಳಿಗ್ಗೆ ಹಾಜಿ ಮಾಮನ್ ಫೋನ್ ಮಾಡಿದ್ದಾನೆ. ಸಂತಾಪ ಹೇಳಲು! "ದೇವರು ಸಿ ಲಾರೂಸಿಗೆ ಕರುಣೆ ತೋರಲಿ. ನಮಗೊಂದು ಮಾತು ತಿಳಿಸ್ಬಾರ್ದಿತ್ತಾ?" ಇವರು ನಾನೇ ಕಣಯ್ಯ ಅಂದರೆ, "ಧ್ವನಿ ಅವರದೇ ಇದ್ದ ಹಾಗಿದೆ, ಮಗ ಇರ್ಬೇಕು," ಅಂದನಂತೆ. ಇವರಿಗೆ ಗಂಡುಮಕ್ಕಳೇ ಇಲ್ಲ.

ನನಗೆ ಗೊತ್ತಿರಲಿಲ್ಲ. ಈ ಕಸುಬಿನಲ್ಲಿ ಗುರುತು ಬದಲಾಗುವುದು ಎರಡೇ ಸಲ — ಯಜಮಾನ ಸತ್ತಾಗ, ಇಲ್ಲವೇ ಅಂಗಡಿ ಪರರ ಪಾಲಾದಾಗ. ಅಗಾದೆಜ್‌ನ ಜನ ಟೋಪಿ ತಿರುಗಿಸಿ ಒಳಗೆ ನೋಡುತ್ತಾರೆ, ಆಮೇಲೆ ತಲೆಗೆ. ಮೂಟೆ ತಲುಪಿದಾಗಿನಿಂದ ನೋಡಿ ನೋಡಿ ಕೆಳಗಿಡುತ್ತಿದ್ದಾರೆ. ಹಾಜಿ ಮೂಟೆ ವಾಪಸ್ ಕಳಿಸುತ್ತಾನಂತೆ. ಮುಂದಿನ ವರ್ಷದಿಂದ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾನಂತೆ.

ಮಿಕ್ಕಿದ್ದ ಒಂದು ಟೋಪಿ ತಿರುಗಿಸಿದೆ. ಪಾರಿವಾಳ ಎಲ್ಲಿ? ಆಮೆ. ಚಪ್ಪಟೆ ಬೆನ್ನು, ಗಿಡ್ಡ ಕತ್ತು, ಸಾಕ್ಷಾತ್ ಆಮೆ.

"ನಾವು ಹೊಲಿಯೋದು ಉದ್ದ ಕತ್ತಿನ ಕೊಕ್ಕರೆ," ಅಂದರು ಮಬ್ರೂಕ. "ಬಿಸಿನೀರಲ್ಲಿ ಸೋಪು ಹಾಕಿ ಬಡಿದು ಬಡಿದು ಟೋಪಿ ಅರ್ಧ ಆಗುತ್ತೆ, ಉದ್ದಕ್ಕೇ ಜಾಸ್ತಿ ಕುಗ್ಗುತ್ತೆ. ಆಗ ಕೊಕ್ಕರೆ ಪಾರಿವಾಳ ಆಗೋದು. ನೀನು ಮೊದಲೇ ಪಾರಿವಾಳ ಕೊಟ್ಟೆ."

"ಹೇಳ್ಬಾರ್ದಿತ್ತಾ?"

"ಇದೇ ಅಳತೆನಾ ಅಂತ ಕೇಳಲಿಲ್ವಾ? ಕೂದಲೆಳೆ ಅಂದೆಯಲ್ಲಮ್ಮ!"

ಸಿ ಲಾರೂಸಿಯತ್ತ ತಿರುಗಿದೆ. ನೀವಾದರೂ ಕಳಿಸುವ ಮುಂಚೆ ನೋಡಲಿಲ್ಲವೇ?

"ನೋಡಿದೆ. ಹೊಸ ಡಿಸೈನು ಅಂದ್ಕೊಂಡೆ. ಈಗಿನವರು ಎಲ್ಲಾನೂ ಹಿಂಗೇ ಮಾಡ್ತಾರಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಬಿಳಿ ಟೋಪಿ ನನ್ನ ಭುಜಕ್ಕೆ ಬಂದಿತ್ತು. ಯಾಕೆ ಅಷ್ಟು ದೊಡ್ಡದು ಅಂತ ಕೇಳದೆ ನಕ್ಕಿದ್ದೆ.

ಜನವರಿ 15

ಹಾಜಿಗೆ ನೀವೇ ಫೋನ್ ಮಾಡಿ ಬಿಡಿಸಿ ಹೇಳಿ ಅಂದೆ. ಒಪ್ಪಲಿಲ್ಲ.

"ಅಳೋರೆಲ್ಲ ಅತ್ತಾಗಿದೆ. ಈಗ ಎದ್ದು ಕೂತ್ರೆ ಅವರಿಗೂ ಬೇಜಾರು. ಸಾಕು ರೌದಾ, ನನಗೂ ಸಾಕಾಗಿದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಚಹಾ ತರಿಸಿದರು.

ಮನೆಗೆ ಬಂದು ಹಾಜಿಗೆ ನಾನೇ ಮೆಸೇಜ್ ಬರೆದೆ. ಅವರು ಬದುಕಿದ್ದಾರೆ. ತಪ್ಪು ನನ್ನದು. ಎರಡೇ ವಾಕ್ಯಕ್ಕೆ ಸಂಜೆಯೆಲ್ಲ ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯ ಮುಂದೂ 'ತಪ್ಪು ನನ್ನದು' ಅಂದವಳಲ್ಲ. ಪ್ರೆಸ್ಸಿನವರದು, ಬಣ್ಣದ್ದು, ಗಿರಾಕಿಯದೇ… ನನ್ನದು ಯಾವತ್ತೂ ಅಲ್ಲ.

ಜನವರಿ 17

ಉತ್ತರ ಬಂತು. "ಸತ್ತವರ ಹೆಸರಲ್ಲಿ ವ್ಯಾಪಾರ ಮಾಡೋರನ್ನ ನೋಡಿದ್ದೀನಮ್ಮ. ಹಳೇ ಗುರುತಿನ ಹೊಸ ಟೋಪಿ ಒಂದು ಕಳಿಸಿ. ನಮ್ಮ ಮುದುಕರು ಕೈಯಲ್ಲಿ ಹಿಡಿದು ನೋಡ್ಲಿ."

ಮಬ್ರೂಕ ಅಂದರು, "ನೋಡ್ಲಿ! ಕೊಕ್ಕರೆ ಕತ್ತು ಎಷ್ಟು ಉದ್ದ ಅಂತ ಗೊತ್ತಿರೋದು ನಮ್ಮ ಹನ್ನೊಂದು ಜನಕ್ಕೇ. ಬೇರೆಯವನು ಹೊಲೀಲಿ, ಬಾತುಕೋಳಿ ಆಗುತ್ತೆ."

ಸಿ ಲಾರೂಸಿ ಬಿಳಿ ದಾರದ ಉಂಡೆ ತೆಗೆದು ಮಬ್ರೂಕರ ಮುಂದಿಟ್ಟರು.

ಫೆಬ್ರವರಿ 20

ಹೆಣೆದು, ಬಡಿದು, ನವಿರೇಳುವಂತೆ ಒಣ ಮುಳ್ಳುಕಾಯಿಯಲ್ಲಿ ಉಜ್ಜಿ, ಜಗೂವಾನ್ ಊರಿನಲ್ಲಿ ಬಣ್ಣ ಹಾಕಿಸಿ — ಒಂದೇ ಒಂದು ಟೋಪಿ. ತಿಂಗಳು ಹಿಡಿಯಿತು. ಒಳಗೆ ಪಾರಿವಾಳ. ಕೊಕ್ಕು ಮೊಂಡು, ರೆಕ್ಕೆ ಓರೆ. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ. ಕಳಿಸಿದೆವು.

ಮಾರ್ಚ್ 6, ಹನ್ನೊಂದು ಗಂಟೆ

ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಟೋಪಿ ಮೊನ್ನೆ ತಲುಪಿದೆ, ಇವತ್ತು ಫೋನ್ ಮಾಡುತ್ತೇನೆ ಅಂದಿದ್ದಾನೆ ಹಾಜಿ. ಬೇಡ ಅಂದರೆ ಬೇಸಿಗೆಗೆ ಮುಂಚೆ ಅಂಗಡಿ ಮುಚ್ಚುವುದು, ಅದು ನಿಶ್ಚಯವಾಗಿದೆ. ಮಬ್ರೂಕ ಬೆಳಿಗ್ಗೆ ಏಳರಿಂದ ಬಾಗಿಲಲ್ಲೇ ಇದ್ದಾರೆ. ಸಿ ಲಾರೂಸಿ ಕತ್ತರಿ ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ನನಗೆ ಸೊಂಟವೂ ಇಲ್ಲ, ಕಾಲೂ ಇಲ್ಲ ಅನ್ನುವಷ್ಟು ಸುಸ್ತು.

ಹನ್ನೊಂದೂವರೆ

ಬಂತು. ನಾನೇ ಎತ್ತಿದೆ. ಹಾಜಿ ಒಂದೇ ಮಾತು ಹೇಳಿದ: "ಸತ್ತವರಿಗೆ ಫೋನ್ ಕೊಡಮ್ಮ."

ಕೊಟ್ಟೆ. ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಬೆನ್ನ ಹಿಂದೆ ಕೈ ತಂದು ಎರಡು ಬೆರಳು ತೋರಿಸಿದರು. ಇನ್ನೂರು. ಆರುನೂರು ಹೋಗಿ ಇನ್ನೂರು.

"ಹನ್ನೊಂದು ಜನಕ್ಕೆ ಎಲ್ಲಿ ಸಾಲುತ್ತೆ?" ಮಬ್ರೂಕ ಪಿಸುಗುಡುತ್ತಿಲ್ಲ, ಕೂಗುತ್ತಿದ್ದಾರೆ. "ಕೇಳಿ! ಬಾಯಿ ಬಿಟ್ಟು ಕೇಳಿ!"

"ಹಾಜಿ, ಇಲ್ಲೊಬ್ಬಳು ನನ್ನನ್ನ ಇನ್ನೊಂದು ಸಲ ಸಾಯಿಸ್ತಾಳೆ. ಮುನ್ನೂರು ಮಾಡಪ್ಪ."

ಆ ಕಡೆಯ ನಗು ನನಗೂ ಕೇಳಿಸುತ್ತಿದೆ. ಮೂರನೆಯ ಬೆರಳು ಎದ್ದಿದೆ: ಮುನ್ನೂರು, ಬಾಗಿಲು ಮುಚ್ಚಬೇಕಿಲ್ಲ. ಮಬ್ರೂಕ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾರೆ, ಅಕ್ಷರ ಸೊಟ್ಟಾಗುತ್ತಿದೆ. ಸಿ ಲಾರೂಸಿಯ ಮುಖ ಮಾತ್ರ ಇನ್ನೂ ಗೋಡೆಯ ಕಡೆಗೇ. ಹೆಗಲು ಅಲುಗುತ್ತಿದೆ. ನಗುತ್ತಿದ್ದಾರೋ ಅಥವಾ—