ಮೂರನೆಯ ಕ್ಯಾಚರನ ಕೋಟು

ಮಾನ್ಯರೇ,

ಬೇಸ್‌ಬಾಲಿನ ದೊಡ್ಡ ಲೀಗಿನ ತಂಡವೊಂದರಲ್ಲಿ ಎಷ್ಟು ತಲೆ ಇರಬೇಕೆಂದು ಎಣಿಸುವ ಕಚೇರಿಯ ಹಿರಿಯರು ನೀವು. ನಿಮ್ಮ ಹೆಸರು ನನಗೆ ಬೇಕಿಲ್ಲ, ಈ ಪತ್ರದಲ್ಲಿ ಹೆಸರು ಬರಬೇಕಾದ ಮನುಷ್ಯ ಬೇರೆ ಇದ್ದಾನೆ. ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಸೆಪ್ಟೆಂಬರ್ ಬಂತೆಂದರೆ ಮೇಲಿನ ತಂಡಗಳು ಕೆಳಗಿನವರನ್ನು ಕರೆಸಿಕೊಂಡು ನಲವತ್ತು ಜನರವರೆಗೂ ಬೆಂಚು ತುಂಬಿಸಿಕೊಳ್ಳಬಹುದಿತ್ತು. ಈಗ ಇಪ್ಪತ್ತೆಂಟು. ಅಂದರೆ ವರ್ಷವಿಡೀ ಇರುವ ಇಪ್ಪತ್ತಾರರ ಮೇಲೆ ಇಬ್ಬರು. ನಲವತ್ತರಿಂದ ಇಪ್ಪತ್ತೆಂಟು ಕಳೆದರೆ ಹನ್ನೆರಡು ಉಳಿಯುತ್ತದೆಂದು ನೀವು ಕಾಗದದ ಮೇಲೆ ಕಳೆದುಬಿಟ್ಟಿರಿ. ನಾವು ಇಲ್ಲಿ ಆ ಹನ್ನೆರಡು ಜನರ ಕಾಲುಚೀಲ ಒಗೆಯುತ್ತೇವೆ. ಅವರಲ್ಲಿ ಒಬ್ಬ ನಮ್ಮ ಕ್ಯಾಚರ್ ಆರಿನ್ ಟ್ಯಾಕೆಟ್. ಅವನಿಗಾಗಿ ನಿಮ್ಮಿಂದ ನನಗೆ ಒಂದು ದಿನ ಬೇಕು.

ನಾನು ಅಯೋವಾದ ಪ್ರೇರಿ ಬೆಂಡ್ ಊರಿನ ಕ್ಯಾಟ್‌ಫಿಷ್ ತಂಡಕ್ಕೆ ಬಟ್ಟೆ ಒಗೆಯುವವಳು, ಹರಿದದ್ದನ್ನು ಹೊಲಿಯುವವಳು. ಮೂವತ್ತನಾಲ್ಕು ವರ್ಷವಾಯಿತು. ನಮ್ಮದು ದೊಡ್ಡ ಲೀಗಿಗಿಂತ ಒಂದೇ ಮೆಟ್ಟಿಲು ಕೆಳಗಿನ ತಂಡ, ಆದರೆ ಆ ಮೆಟ್ಟಿಲು ಹತ್ತಲಾಗದೆ ಎಷ್ಟೋ ಜನರ ಆಯುಷ್ಯ ಮುಗಿದಿದೆ. ನಮ್ಮ ಹುಡುಗರು ಬಸ್ಸಿನಲ್ಲಿ ತಣ್ಣಗಾದ ಸ್ಯಾಂಡ್‌ವಿಚ್ ತಿಂದು, ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಪ್ಯಾಂಟಿನ ಜೇಬಿನಲ್ಲೇ ಬಿಟ್ಟು ನನ್ನ ಯಂತ್ರಕ್ಕೆ ಹಾಕುತ್ತಾರೆ. ಆಟದ ನಡುವೆ ಮೈದಾನದಲ್ಲಿ ಕುಣಿಯುವ ಮೀನಿನ ವೇಷವನ್ನೂ ನಾನೇ ಒಗೆಯುತ್ತೇನೆ. ಜುಲೈ ತಿಂಗಳಲ್ಲಿ ಆ ವೇಷದೊಳಗೆ ಮೂಗು ತೂರಿಸಿದವಳಿಗೆ ನಿಮ್ಮ ನಿಯಮಾವಳಿಯ ವಾಸನೆಯನ್ನು ಸಹಿಸುವುದು ಕಷ್ಟವೇನಲ್ಲ.

ಈಗ ಕೋಟಿನ ವಿಷಯ. ನಾನು ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಹುಡುಗನಿಗೆ ಮೇಲಿನಿಂದ ಕರೆ ಬಂತು. ಮೇಲಿನ ತಂಡದವರು ಊರಿಂದ ಊರಿಗೆ ಹೋಗುವಾಗ ಕೋಟು ಹಾಕಲೇಬೇಕಿತ್ತು. ಈ ಹುಡುಗನ ಹತ್ತಿರ ಇದ್ದದ್ದು ಎರಡು ಬನಿಯನ್, ಒಂದು ಗಿಟಾರು. ನಾನು ಮನೆಗೆ ಓಡಿಹೋಗಿ ನನ್ನ ಗಂಡ ಆಲ್ವಿನ್‌ನ ಮದುವೆಯ ನೀಲಿ ಕೋಟು ತಂದುಕೊಟ್ಟೆ. ಆಲ್ವಿನ್‌ಗೆ ಹೊಟ್ಟೆ ಬಂದು ಅದರ ಗುಂಡಿ ಸೇರುವುದು ಎಂದೋ ನಿಂತಿತ್ತು. ಅಂದಿನಿಂದ ಅದು ನಮ್ಮ ತಂಡದ ಕೋಟು. ಮೊದಲ ಸಲ ಮೇಲೆ ಹೋಗುವವನಿಗೆ ನಾನು ಅದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಕೊಡುತ್ತೇನೆ, ಅವನು ಅದನ್ನು ಹಾಕಿಕೊಂಡು ಹೋಗಿ ಕೊರಿಯರ್‌ನಲ್ಲಿ ವಾಪಸು ಕಳಿಸುತ್ತಾನೆ. ಹೊರಡುವಾಗ ಕೋಟಿನ ಒಳಪದರದ ಮೇಲೆ ಅವನ ಹೆಸರು ಬರೆಯುತ್ತೇನೆ, ದೋಬಿ ಗುರುತು ಹಾಕುವ ಶಾಯಿಯಲ್ಲಿ. ಕೋಟು ವಾಪಸು ಬಂದ ಮೇಲೆ, ಅವನು ದೊಡ್ಡ ತಂಡದ ಪಟ್ಟಿಗೆ ಸೇರಿದ ದಿನದ ತಾರೀಖನ್ನು ಹೆಸರಿನ ಮುಂದೆ ಬರೆಯುತ್ತೇನೆ. ಕರೆ ಬರುವ ಮುಂಚೆ ಹೆಸರು ಬರೆಯುವಂತಿಲ್ಲ. ಈ ನಿಯಮ ಮಾಡಿದವಳು ನಾನು, ಮುರಿದವಳೂ ನಾನೇ. ಆ ಪಾಪದ ಕಥೆ ಮುಂದೆ ಬರುತ್ತದೆ.

ನಿಮ್ಮ ಕಾಲಕ್ಕಿಂತ ಹಿಂದಿನ ಸೆಪ್ಟೆಂಬರುಗಳಲ್ಲಿ ಆ ಕೋಟಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಒಮ್ಮೆ ಒಂದೇ ದಿನ ಇಬ್ಬರು ಹೊರಟರು. ಕೋಟು ಒಂದೇ. ಮೊದಲನೆಯವನು ಹೋಟೆಲಿನ ಮುಂಬಾಗಿಲಿನಿಂದ ಕೋಟು ಹಾಕಿಕೊಂಡು ಗಂಭೀರವಾಗಿ ಒಳಗೆ ಹೋದ, ಹಿಂಬಾಗಿಲಿನಿಂದ ಅದನ್ನು ಬಿಚ್ಚಿ ಎರಡನೆಯವನಿಗೆ ದಾಟಿಸಿದ. ಇಬ್ಬರೂ ಶಿಸ್ತಿನ ಹುಡುಗರೆಂದು ಮೇಲಿನವರು ಮೆಚ್ಚಿಕೊಂಡರಂತೆ. ಅಂಥ ಸೆಪ್ಟೆಂಬರುಗಳಲ್ಲಿ ಎಲ್ಲ ತಂಡವೂ ಮರೆಯದೆ ಕರೆಸುತ್ತಿದ್ದದ್ದು ಒಬ್ಬನನ್ನು: ಮೂರನೆಯ ಕ್ಯಾಚರ್. ಇಬ್ಬರು ಕ್ಯಾಚರ್‌ಗಳು ಬೇಸಿಗೆಯಿಡೀ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿದು ಸವೆದಿರುತ್ತಾರೆ, ಮೂರನೆಯವನಿದ್ದರೆ ಅವರ ಮಂಡಿಗೆ ಒಂದಿಷ್ಟು ವಿಶ್ರಾಂತಿ. ನಮ್ಮ ಹಾಲಿಸ್ ಎಂಬುವನು ಹಾಗೆಯೇ ಹೋಗಿ ಎರಡು ಇನ್ನಿಂಗ್ಸ್ ಆಡಿ ಬಂದ. ಚೆಂಡಿಗೆ ಬ್ಯಾಟು ತಾಗಿಸಲೇ ಇಲ್ಲ. ಈಗ ಪಕ್ಕದ ಊರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಅವನ ಎದೆ ಕೊಯ್ದು ರಿಪೇರಿ ಮಾಡಿದಾಗ ಕೈಹಿಡಿದದ್ದು ಆ ಎರಡು ಇನ್ನಿಂಗ್ಸ್. ಯಾಕೆಂದರೆ ಮೇಲಿನ ಪಟ್ಟಿಯಲ್ಲಿ ಒಂದೇ ಒಂದು ದಿನ ಹೆಸರಿದ್ದವನಿಗೆ ಆಟಗಾರರ ವೈದ್ಯಕೀಯ ವಿಮೆ ಬದುಕಿಡೀ ಸಿಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನ್ಯಾಯ ಹೇಳಬೇಕಲ್ಲ, ನಿಮ್ಮ ಕಡೆಗೂ ಒಂದು ಮಾತಿದೆ. ಒಂದು ತಂಡದ ಬೆಂಚಿನಲ್ಲಿ ಮೂವತ್ತಾರು ಜನ, ಎದುರಿನವರಲ್ಲಿ ಇಪ್ಪತ್ತೊಂಬತ್ತು. ಇದು ಸಮನಾದ ಆಟವಲ್ಲ, ಒಪ್ಪಿದೆ. ಚೆಂಡೆಸೆಯುವ ಪಿಚರ್‌ಗಳ ಮೆರವಣಿಗೆಯೂ ಹೆಚ್ಚಾಗಿತ್ತು. ಒಬ್ಬ ಬಂದು ನಾಲ್ಕು ಚೆಂಡು ಎಸೆದು ಹೋದ, ಇನ್ನೊಬ್ಬ ಬಂದು ಉಗುಳಿ, ಟೋಪಿ ಸರಿಮಾಡಿಕೊಂಡು ಮೂರು ಎಸೆದು ಹೋದ. ಆಟ ಮುಗಿಯುವಷ್ಟರಲ್ಲಿ ನೋಡುವವರ ಗಡ್ಡ ಬೆಳೆಯುತ್ತಿತ್ತು. ಸರಿ, ಪಿಚರ್‌ಗಳನ್ನು ಕಡಿಮೆ ಮಾಡಿ! ಹದಿನಾಲ್ಕಕ್ಕಿಂತ ಹೆಚ್ಚು ಬೇಡವೆಂದು ಬರೆದಿದ್ದೀರಲ್ಲ, ಅಲ್ಲಿಗೇ ಪೆನ್ನು ಮುಚ್ಚಿಡಬಹುದಿತ್ತು. ಕ್ಯಾಚರ್ ನಿಮ್ಮ ಯಾವ ಗಡಿಯಾರ ನಿಲ್ಲಿಸಿದ್ದ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನಮ್ಮ ಎಮ್ಮೆ ಬರೆ ಹಾಕಿಸಿಕೊಂಡೂ ಬ್ಯಾಟು ಬೀಸುವವನ ಹಿಂದೆ ಕೂತೇ ಇದೆ.

ಕ್ಯಾಚರ್ ಎಂದರೇನೆಂದು ನಿಮ್ಮ ಕಚೇರಿಯ ಮೆತ್ತನೆಯ ಕುರ್ಚಿಯಿಂದ ಕಾಣಿಸುತ್ತದೋ ಇಲ್ಲವೋ. ಮುಖಕ್ಕೆ ಕಬ್ಬಿಣದ ಬಲೆ ಕಟ್ಟಿಕೊಂಡು, ಕುಕ್ಕರಗಾಲಿನಲ್ಲಿ ಕೂತು, ಮೈಮೇಲೆ ಬರುವ ಚೆಂಡನ್ನು ದಿನಕ್ಕೆ ನೂರೈವತ್ತು ಸಲ ಹಿಡಿಯುವವನು ಕ್ಯಾಚರ್. ಬೇಕಾದರೆ ಈ ಪತ್ರದ ಉಳಿದ ಭಾಗವನ್ನು ಹಾಗೆ ಕೂತು ಓದಿ ನೋಡಿ. ಆರಿನ್ ಹಾಗೆ ಕೂರಲು ಶುರುಮಾಡಿ ಹನ್ನೆರಡು ವರ್ಷ, ನಮ್ಮ ಊರಿಗೆ ಬಂದು ಏಳು. ಕೆಂಟಕಿಯ ಬೆಟ್ಟದ ಕಡೆಯವನು, ಈಗ ಮೂವತ್ತಮೂರು. ಚಳಿಗಾಲದಲ್ಲಿ ಊರಿಗೆ ಹೋಗಿ ಶಾಲೆಯ ಬಸ್ಸು ಓಡಿಸುತ್ತಾನೆ. ಬಲಗೈಯ ಬೆರಳುಗಳು ನಾಲ್ಕು ದಿಕ್ಕಿಗೆ ನೋಡುತ್ತವೆ. ಮೆಟ್ಟಿಲು ಹತ್ತಿದರೆ ಮಂಡಿ ಎಷ್ಟು ಸದ್ದು ಮಾಡುತ್ತದೆಂದರೆ, ಅವನು ಬರುತ್ತಿದ್ದಾನೆಂದು ನನಗೆ ಒಗೆಯುವ ಕೋಣೆಯಿಂದಲೇ ಗೊತ್ತಾಗುತ್ತದೆ. ನಲವತ್ತಾಗುವ ಮುಂಚೆ ಎರಡೂ ಮಂಡಿ ಬದಲಾಯಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ತಂಡದಲ್ಲಿರುವವರೆಗೆ ತಂಡ ನೋಡಿಕೊಳ್ಳುತ್ತದೆ. ಆಟ ಬಿಟ್ಟ ಮೇಲೆ ದೇವರೇ ಗತಿ.

ಅರ್ಹತೆ ಇದ್ದವನು ಹೇಗಾದರೂ ಮೇಲೆ ಬರುತ್ತಾನೆ ಎನ್ನುತ್ತೀರಿ. ಅವನ ಬ್ಯಾಟಿಂಗ್ ನೋಡಿದರೆ ನನಗೂ ಆಕಳಿಕೆ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಕೋಟಿನೊಳಗೆ ಒಂಬತ್ತು ಪಿಚರ್‌ಗಳ ಹೆಸರಿದೆ, ಒಂಬತ್ತೂ ಜನ ಇವನ ಕೈಗವಸಿಗೆ ಎಸೆದೆಸೆದು ಆಟ ಕಲಿತವರು. ಎದೆ ನಡುಗುವ ಹುಡುಗನ ಹತ್ತಿರ ನಡೆದುಹೋಗಿ, ಅವನ ಕಿವಿಯಲ್ಲಿ ಏನೋ ಹೊಲಸು ಜೋಕು ಹೇಳಿ ನಗಿಸಿ ವಾಪಸು ಬಂದು ಕೂರುವುದಕ್ಕೆ ನಿಮ್ಮ ಅಂಕಿಅಂಶದ ಪುಸ್ತಕದಲ್ಲಿ ಯಾವ ಕಾಲಮ್ ಇದೆ? ಏಣಿಯ ಮೇಲೆ ನಿಂತವರನ್ನೆಲ್ಲ ಎಣಿಸಿದಿರಿ, ಏಣಿ ಹಿಡಿದವನನ್ನು ಮರೆತಿರಿ.

ಈ ಆಗಸ್ಟಿನಲ್ಲಿ ನಮಗೆ ಆಸೆ ಹುಟ್ಟಿತು. ಮೇಲಿನ ತಂಡದ ಇಬ್ಬರು ಕ್ಯಾಚರ್‌ಗಳೂ ಕುಂಟುತ್ತಿದ್ದರು. ನಮ್ಮ ತಂಡದ ಮೇಲ್ವಿಚಾರಕ ಗಸ್ ಪೆಟ್ರಾಕಿಸ್, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಮನುಷ್ಯ, ಅವನೇ ನನ್ನ ಕೋಣೆಗೆ ಬಂದು, "ವರ್ನಾ, ಈ ಸಲ ಆರಿನ್‌ಗೆ ಆಗೋ ಹಾಗೆ ಕಾಣ್ತದೆ. ಯಾರಿಗೂ ಹೇಳ್ಬೇಡ," ಎಂದ. ನಾನು ಯಾರಿಗೂ ಹೇಳಲಿಲ್ಲ, ಆರಿನ್‌ನನ್ನು ಮಾತ್ರ ಕರೆದು ಕೋಟು ಹಾಕಿಸಿ ನಿಲ್ಲಿಸಿದೆ.

"ಮಿಸ್ ವರ್ನಾ, ಇನ್ನೂ ಯಾರೂ ಕರ್ದಿಲ್ಲ," ಎಂದ. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತಿದ್ದೀರಲ್ಲ."

"ಬಾಯ್ ಮುಚ್ಕೊಂಡು ನಿಂತ್ಕೊ. ಸೂಜಿ ಚುಚ್ಚುತ್ತೆ."

"ಚುಚ್ಚಲಿ ಬಿಡಿ. ಚೆಂಡು ಬಡಿಸ್ಕೊಂಡೋನಿಗೆ ಸೂಜಿ ಯಾವ ಲೆಕ್ಕ?" ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡು, "ಇದ್ರಲ್ಲಿ ನಾನು ಮದ್ವೆ ಗಂಡಿನ ಥರ ಕಾಣ್ತೀನೋ, ಹೆಣ ಹೊರೋನ ಥರಾನೋ?" ಎಂದ.

"ಎರಡೂ ಒಂದೇ ಕಣೋ. ಆಲ್ವಿನ್‌ನ ಕೇಳು."

ಅವನ ಭುಜಕ್ಕಾಗಿ ಕೋಟಿನ ಹೊಲಿಗೆಯನ್ನೆಲ್ಲ ಬಿಚ್ಚಿ ಹಿಗ್ಗಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣೆ. ಆ ಶಾಯಿ ಒಂದು ದಿನ ಒಣಗಬೇಕು, ಮೇಲೆ ಇಸ್ತ್ರಿ ಬೀಳಬೇಕು. ಹಿಂದೊಮ್ಮೆ ಅವಸರಕ್ಕೆ ಹಸಿಯಾಗಿಯೇ ಕಳಿಸಿ, ಪಾಪ, ಒಬ್ಬನ ಬಿಳಿ ಶರ್ಟಿನ ಬೆನ್ನಿಗೆ ಅವನದೇ ಹೆಸರು ತಿರುವುಮುರುವಾಗಿ ಅಂಟಿತ್ತು. ಈ ಸಲ ಹಾಗಾಗಬಾರದೆಂದು ಆಗಸ್ಟ್ ಮೂವತ್ತರಂದೇ ಬರೆದುಬಿಟ್ಟೆ: ಆರಿನ್ ಟ್ಯಾಕೆಟ್. ಮುಂದೆ ತಾರೀಖಿಗೆ ಜಾಗ ಬಿಟ್ಟೆ. ಮೂವತ್ತನಾಲ್ಕು ವರ್ಷದಲ್ಲಿ ಕರೆ ಬರುವ ಮುಂಚೆ ಬರೆದ ಹೆಸರು ಅದೊಂದೇ.

ಮಾರನೆಯ ದಿನ ಮಧ್ಯಾಹ್ನ, ಅಭ್ಯಾಸಕ್ಕೆ ಮುಂಚೆ, ಗಸ್‌ನ ಕೋಣೆಯ ಬಾಗಿಲು ಮುಚ್ಚಿತು. ಕರೆ ಬರುವ ಆ ದಿನ ನಮ್ಮಲ್ಲಿ ಯಾರೂ ಆ ಬಾಗಿಲಿನ ಕಡೆ ನೋಡುವುದಿಲ್ಲ, ಎಲ್ಲರೂ ಬೂಟಿನ ದಾರ ಕಟ್ಟುತ್ತಿರುತ್ತಾರೆ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಮೊದಲು ಒಬ್ಬ ಪಿಚರ್‌ನನ್ನು ಕರೆದರು. ಅವನು ಮೊದಲೇ ಮೇಲೆ ಹೋಗಿ ಬಂದವನು, ಸ್ವಂತ ಕೋಟಿತ್ತು. ಆಮೇಲೆ ಗಸ್‌ನ ಧ್ವನಿ ಕೇಳಿತು: "ಟೆವಿನ್, ಬಾರಯ್ಯ ಇಲ್ಲಿ."

ಟೆವಿನ್ ಲವ್‌ಲೇಸ್, ಇಪ್ಪತ್ತೆರಡು ವರ್ಷ, ಜಿಂಕೆಯ ಕಾಲು. ಮೇಲಿನ ತಂಡಕ್ಕೆ ಬೇಕಾಗಿದ್ದದ್ದು ದಪ್ಪ ಕಾಲಿನ ದೊಡ್ಡ ಆಟಗಾರರ ಬದಲಿಗೆ ಓಡುವವನೊಬ್ಬ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೇರೆಯವರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಆರಿನ್. ಗಸ್ ಮಾತ್ರ ನೇರವಾಗಿ ನನ್ನ ಕೋಣೆಗೆ ಬಂದ.

"ನನ್ ಮೇಲೆ ಸಿಟ್ಟಾಗ್ಬೇಡ, ವರ್ನಾ. ನಾನು ಎರಡು ಸಲ ಕೇಳ್ದೆ. ಇಬ್ರೇ ಅಂದ್ರು. ಮೂರನೇ ಕ್ಯಾಚರ್‌ಗೆ ಜಾಗ ಇಲ್ಲ ಅಂದ್ರು."

"ಜಾಗ ಇಲ್ವಂತಾ? ಆ ಬೆಂಚು ಊರಗಲ ಇದೆ, ಟಿವೀಲಿ ನಾನೇ ನೋಡಿದೀನಿ."

"ಬೆಂಚಲ್ಲಿದೆ. ಪಟ್ಟೀಲಿ ಇಲ್ಲ."

ಮಾನ್ಯರೇ, ನೀವು ಬರೆದ ನಿಯಮದ ಪೂರ್ತಿ ಅರ್ಥ ಈ ಎರಡು ಮಾತಿನಲ್ಲಿದೆ.

ಟೆವಿನ್‌ಗೆ ಕೋಟಿರಲಿಲ್ಲ. ನಮ್ಮ ಕೋಟು ಹಾಕಿದರೆ ಅವನು ಅದರೊಳಗೆ ಕಳೆದೇಹೋದ. ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಬೇಕು, ವಿಮಾನಕ್ಕೆ ಮೂರೇ ಗಂಟೆ. ಸೂಜಿ ಕೊಡಲು ಯಾರಾದರೂ ಬೇಕು ಎಂದಾಗ ಆರಿನ್ ತಾನೇ ಬಂದು ನಿಂತ, ಆ ವಕ್ರ ಬೆರಳುಗಳಲ್ಲಿ ಗುಂಡುಸೂಜಿ ಹಿಡಿದು ಒಂದೊಂದಾಗಿ ನನಗೆ ಕೊಟ್ಟ. ಕೋಟು ಮಗುಚಿದಾಗ ಒಳಪದರ ಕಾಣಿಸಿತು. ಅವನು ತನ್ನ ಹೆಸರು ಓದಿದ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಟೆವಿನ್ ಚಾವಣಿ ನೋಡುತ್ತ ನಿಂತ.

"ಮಿಸ್ ವರ್ನಾ, ಇದು ಒಗುದ್ರೆ ಹೋಗೋ ಶಾಯೀನಾ?"

"ಇಲ್ಲ ಕಣೋ."

"ಹಾಗಾದ್ರೆ ಇರ್ಲಿ ಬಿಡಿ," ಎಂದು ನಕ್ಕ. "ನಾನು ಹೋಗ್ದಿದ್ರೂ ನನ್ ಹೆಸರಾದ್ರೂ ವಿಮಾನ ಹತ್ಲಿ. ಲೋ ಟೆವಿನ್, ಬೆವರು ಹತ್ಸಬೇಡ ನನ್ ಹೆಸರಿಗೆ."

ಆಮೇಲೆ ಮುಖದ ಬಲೆ ಹಾಕಿಕೊಂಡು ಹೋಗಿ ಆ ದಿನದ ಆಟಕ್ಕೂ ಒಂಬತ್ತು ಇನ್ನಿಂಗ್ಸ್ ಕೂತ. ನಾನು ಬಾಗಿಲು ಹಾಕಿಕೊಂಡು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಓದಲು ನಿಮಗಿದ್ದರೆ ಒಳ್ಳೆಯದು.

ಇಡೀ ಸೆಪ್ಟೆಂಬರ್ ನಾನು ಟಿವಿ ಮುಂದೆ ಕೂತೆ. ಟೆವಿನ್ ಮೂರು ಸಲ ಓಡಿದ, ಎರಡು ಸಲ ಔಟಾದ. ಮೇಲಿನ ತಂಡ ತಿಂಗಳ ಮಧ್ಯದಲ್ಲೇ ಪೈಪೋಟಿಯಿಂದ ಹೊರಬಿತ್ತು. ಕೊನೆಯ ಎರಡು ವಾರದ ಆಟಗಳಿಗೆ ಯಾವ ಬೆಲೆಯೂ ಇರಲಿಲ್ಲ. ಕುಂಟುವ ಕ್ಯಾಚರ್‌ಗಳಿಬ್ಬರೂ ಕುಂಟುತ್ತಲೇ ಕೂತರು, ಅವರಿಗೂ ಯಾರೂ ಉಪಕಾರ ಮಾಡಲಿಲ್ಲ. ಪಟ್ಟಿಯಲ್ಲಿ ಜಾಗವಿಲ್ಲವೆಂದವರ ಆ ಬೆಂಚಿನ ಒಂದು ತುದಿಯಲ್ಲಿ ನೀರಿನ ಬಾಟಲಿಗಳ ಡಬ್ಬ ತಿಂಗಳಿಡೀ ಕೂತಿತ್ತು. ಅದಕ್ಕೆ ಯಾವ ಮಿತಿಯೂ ಇರಲಿಲ್ಲ.

ಅಕ್ಟೋಬರಿನಲ್ಲಿ ಕೋಟು ವಾಪಸು ಬಂತು. ಜೇಬಿನಲ್ಲಿ ಟೆವಿನ್ ಬರೆದ ಚೀಟಿ: "ಮಿಸ್ ವರ್ನಾ, ನನ್ ಹೆಸರು ಕೆಳಗಡೆ ಬರೀರಿ. ಆರಿನ್ ಅವರ ಮುಂದಿನ ಜಾಗ ಮುಟ್ಬೇಡಿ." ಹಾಗೆಯೇ ಬರೆದೆ. ಅದೇ ವಾರ ಆರಿನ್‌ನ ಹೆಂಡತಿ ಡೆಸ್ಸಾ ಫೋನ್ ಮಾಡಿದಳು. "ಇನ್ನೊಂದು ವರ್ಷ ಆಡ್ತಾನಂತೆ, ವರ್ನಾ. ಬಿಡು ಅಂದ್ರೆ ನಿಮ್ ಕೋಟಿನ ಕಥೆ ಹೇಳ್ತಾನೆ. ಅದೊಂದೇ ವರ್ಷ. ಅಷ್ಟ್ರ ಮೇಲೆ ಆ ಮಂಡಿ ಕೂರೋದಿಲ್ಲ." ಅಂದರೆ ನಾನು ಅವಸರಕ್ಕೆ ಬರೆದ ಎರಡು ಪದಕ್ಕಾಗಿ ಆ ಮನುಷ್ಯ ಇನ್ನೊಂದು ಬೇಸಿಗೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಅದಕ್ಕೇ ಈ ಪತ್ರ.

ನನ್ನ ಬೇಡಿಕೆ ದೊಡ್ಡದಲ್ಲ. ನಲವತ್ತನ್ನು ವಾಪಸು ಕೊಡಿ ಎನ್ನುವುದಿಲ್ಲ, ನಿಮ್ಮ ಇಪ್ಪತ್ತೆಂಟು ನಿಮಗಿರಲಿ. ಕೆಳಗೆ ಹತ್ತು ವರ್ಷ ಆಡಿ ಮೇಲೆ ಒಂದು ದಿನವೂ ಕಾಣದ ಒಬ್ಬನನ್ನು, ಸೆಪ್ಟೆಂಬರಿನಲ್ಲಿ ಒಂದೇ ದಿನದ ಮಟ್ಟಿಗೆ, ಪ್ರತಿ ತಂಡವೂ ಲೆಕ್ಕದ ಹೊರಗೆ ಪಟ್ಟಿಗೆ ಸೇರಿಸಿಕೊಳ್ಳಲಿ. ಅವನು ಪಿಚರ್ ಆಗಿದ್ದರೆ ಚೆಂಡು ಮುಟ್ಟುವಂತಿಲ್ಲವೆಂದು ಬೇಕಾದರೆ ಬರೆದುಕೊಳ್ಳಿ, ನಿಮಗೆ ಅವರೆಂದರೆ ಭಯ. ಆಡಿಸಬೇಕೆಂದೂ ಇಲ್ಲ. ನೀರಿನ ಬಾಟಲಿಯ ಡಬ್ಬವನ್ನು ಎರಡು ಗೇಣು ಸರಿಸಿದರೆ ಆರಿನ್ ಕೂರುತ್ತಾನೆ. ಬೆಂಚಿನ ಮೇಲೆ, ಮನುಷ್ಯರು ಕೂರುವ ಹಾಗೆ.

ಕೋಟು ನನ್ನ ಬೆನ್ನ ಹಿಂದೆ ಮೊಳೆಗೆ ತೂಗುತ್ತಿದೆ. ಭುಜವನ್ನು ಮತ್ತೆ ಹಿಗ್ಗಿಸಿಟ್ಟಿದ್ದೇನೆ. ಅವನ ಹೆಸರಿನ ಮುಂದೆ ಮೂರು ಬೆರಳಗಲ ಜಾಗ ಖಾಲಿಯಿದೆ, ಶಾಯಿ ಒಣಗಲು ಒಂದು ದಿನ ಸಾಕು. ನೀವು ತಾರೀಖು ಕೊಡಿ, ನಾನು ಬರೆದುಕೊಳ್ಳುತ್ತೇನೆ.

ಇಂತಿ,
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದು ಕೂತಿರುವ
ವರ್ನಾ ಸ್ಟೋಲ್ಟ್ಸ್
ಒಗೆಯುವ ಕೋಣೆ, ಪ್ರೇರಿ ಬೆಂಡ್ ಮೈದಾನ